ಎಷ್ಟು ಮೀನು, ಎಷ್ಟು ಹೊತ್ತಿನಲ್ಲಿ? ಅಕ್ವೇರಿಯಂ ಕಾಯಿಲೆ ಗುರುತಿಸುವ ಬಗೆ

ಮೀನಿಗೆ ಹುಷಾರಿಲ್ಲ ಎಂದು ಅಂಗಡಿಗೆ ಹೋದರೆ ಸಾಮಾನ್ಯವಾಗಿ ಕೈಗೆ ಬರುವುದು ಒಂದು ನೀಲಿ ಸೀಸೆ. ಬಿಳಿ ಚುಕ್ಕೆಗೂ ಅದೇ, ಬಾಲ ಹರಿದರೂ ಅದೇ, ಹೊಟ್ಟೆ ಉಬ್ಬಿದರೂ ಅದೇ. ಅಂಗಡಿಯವರನ್ನು ದೂರಿ ಪ್ರಯೋಜನವಿಲ್ಲ. ‘ಮೀನು ಮಂಕಾಗಿದೆ, ಏನಾದರೂ ಔಷಧಿ ಕೊಡಿ’ ಎಂದಷ್ಟೇ ಹೇಳುವ ಗಿರಾಕಿಗೆ ಅವರು ಇನ್ನೇನು ಕೊಟ್ಟಾರು? ಜ್ವರ ಬಂದವನಿಗೆ ವೈದ್ಯರು ಎಷ್ಟು ದಿನದಿಂದ, ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೇ ಎಂದು ಕೇಳುತ್ತಾರೆ. ಮೀನಿನ ವಿಷಯದಲ್ಲಿ ಆ ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ. ರೋಗದ ಹೆಸರಿಗೆ ಬರುವ ಮೊದಲೇ ಅರ್ಧ ಉತ್ತರ ಸಿಗುವುದು ಅಲ್ಲಿಯೇ: ಎಷ್ಟು ಮೀನುಗಳಿಗೆ ತೊಂದರೆಯಾಗಿದೆ, ಎಷ್ಟು ಹೊತ್ತಿನಲ್ಲಿ ಆಯಿತು?

ಬೆಳಿಗ್ಗೆ ಚೆನ್ನಾಗಿದ್ದ ಗಪ್ಪಿ, ಮೋಲಿ, ಏಂಜೆಲ್ ಎಲ್ಲವೂ ಸಂಜೆಗೆ ಒಟ್ಟಿಗೆ ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಅದು ಸೋಂಕಲ್ಲ, ನೀರಿನದೇ ತೊಂದರೆ. ಬೇರೆಬೇರೆ ಜಾತಿಯ ಅಷ್ಟೂ ಮೀನುಗಳನ್ನು ಕೆಲವೇ ಗಂಟೆಗಳಲ್ಲಿ ಒಟ್ಟಿಗೆ ಕೆಡಹುವ ಶಕ್ತಿ ತೊಟ್ಟಿಯ ಯಾವ ರೋಗಾಣುವಿಗೂ ಇಲ್ಲ. ವಿಷಕ್ಕೆ ಇದೆ, ಆಮ್ಲಜನಕದ ಕೊರತೆಗೆ ಇದೆ. ಇವತ್ತು ಒಂದು, ನಾಳಿದ್ದು ಮೂರು, ವಾರದ ಹೊತ್ತಿಗೆ ಅರ್ಧ ತೊಟ್ಟಿ ಎಂಬಂತೆ ಹಬ್ಬಿದರೆ ಅದು ಅಂಟುರೋಗ. ಒಂದೇ ಮೀನು ವಾರಗಟ್ಟಲೆ ಸೊರಗುತ್ತಿದ್ದು ಉಳಿದವು ಮೇವಿಗೆ ಮುಗಿಬೀಳುತ್ತಿದ್ದರೆ ಕಾರಣ ಬಹುಮಟ್ಟಿಗೆ ಆ ಮೀನಿನ ಒಳಗೇ ಇದೆ: ವಯಸ್ಸು, ಪೆಟ್ಟು, ಕೆಟ್ಟ ಅಂಗಾಂಗ ಅಥವಾ ಗೂಂಡಾಗಿರಿ ಮಾಡುವ ಜೊತೆಗಾರ. ಈ ಮೂರನ್ನು ಬೇರ್ಪಡಿಸಿಕೊಂಡರೆ ಔಷಧಿಗೆ ಕೊಡುವ ದುಡ್ಡು ಎಷ್ಟೋ ಸಲ ಉಳಿಯುತ್ತದೆ. ಮೀನೂ ಉಳಿಯಬಹುದು.

ಎಲ್ಲವೂ ಒಟ್ಟಿಗೆ ಕೆಟ್ಟರೆ

ಮೀನು ಕಿವಿರಿನ ಮೂಲಕ ಅಮೋನಿಯಾವನ್ನು ಹೊರಹಾಕುತ್ತದೆ. ಮಿಕ್ಕ ಮೇವು, ಹಿಕ್ಕೆ, ಕೊಳೆತ ಎಲೆಗಳಿಂದಲೂ ಅದೇ ಅಮೋನಿಯಾ ಹುಟ್ಟುತ್ತದೆ. ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸಿದ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲ ಎರಡೂ ವಿಷ, ಮೂರನೆಯದು ಹೆಚ್ಚಾಗದಿದ್ದರೆ ಸಹ್ಯ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು; ಚಳಿಗಾಲದಲ್ಲಿ ಇನ್ನೂ ಹೆಚ್ಚು. ಶನಿವಾರ ತೊಟ್ಟಿ ತಂದು, ಭಾನುವಾರ ಹದಿನೈದು ಮೀನು ಬಿಟ್ಟು, ಮುಂದಿನ ವಾರ ಒಂದೊಂದಾಗಿ ಎತ್ತಿಹಾಕುವ ಕಥೆ ಇದೇ ವ್ಯವಸ್ಥೆ ಇನ್ನೂ ಹುಟ್ಟಿರದ ಕಥೆ. ಇಲ್ಲಿ ಸಾವು ಒಂದೇ ದಿನ ಆಗದಿರಬಹುದು. ಆದರೆ ಎಲ್ಲ ಮೀನುಗಳೂ ಒಟ್ಟಿಗೆ ಮಂಕಾಗುತ್ತವೆ, ಕಿವಿರು ಕೆಂಪೇರುತ್ತದೆ, ಉಸಿರಾಟ ಜೋರಾಗುತ್ತದೆ. ಕಿವಿರು ಕಂದು ಬಣ್ಣಕ್ಕೆ ತಿರುಗಿದ್ದರೆ ನೈಟ್ರೈಟಿನ ಮೇಲೆ ಅನುಮಾನ ಪಡಬೇಕು. ಅದು ರಕ್ತ ಸೇರಿ ಆಮ್ಲಜನಕ ಹೊರುವ ಶಕ್ತಿಯನ್ನೇ ಕಿತ್ತುಕೊಳ್ಳುತ್ತದೆ.

ಅಮೋನಿಯಾ ವಿಷಯದಲ್ಲಿ ನಮ್ಮ ಚಿಕ್ಕಮಗಳೂರು, ಹಾಸನ ಜಿಲ್ಲೆಗಳಿಗೇ ವಿಶೇಷವಾದ ಒಂದು ಗುಂಡಿ ಇದೆ. ಪಿಎಚ್ ಎಂದರೆ ನೀರಿನ ಆಮ್ಲ-ಕ್ಷಾರದ ಅಳತೆ; 7ಕ್ಕಿಂತ ಕೆಳಗೆ ಆಮ್ಲ, ಮೇಲೆ ಕ್ಷಾರ. ಅದು ಏರಿದಂತೆ ಅಮೋನಿಯಾದ ವಿಷಭಾಗ ಏರುತ್ತದೆ. 25 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ಶೇಕಡಾ ಒಂದಕ್ಕಿಂತ ಕಡಿಮೆ ವಿಷರೂಪದಲ್ಲಿರುತ್ತದೆ. ಪಿಎಚ್ 8ರಲ್ಲಿ ಅದು ಶೇಕಡಾ 5 ದಾಟುತ್ತದೆ, 9ರಲ್ಲಿ ಮೂರನೇ ಒಂದಕ್ಕಿಂತ ಹೆಚ್ಚಾಗುತ್ತದೆ. ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆಯ ಝರಿ ನೀರು ಮೆದು, ಪಿಎಚ್ ಕೆಳಗೆ. ಕಡೂರು, ಅರಸೀಕೆರೆಯ ಕೊಳವೆ ಬಾವಿಯ ನೀರು ಗಡಸು, ಪಿಎಚ್ ಮೇಲೆ. ಮಲೆನಾಡಿನ ತೊಟ್ಟಿಯೊಂದರಲ್ಲಿ ತಿಂಗಳುಗಟ್ಟಲೆ ಅಮೋನಿಯಾ ಸೇರಿಕೊಂಡಿದ್ದರೂ ಪಿಎಚ್ ಕೆಳಗಿದ್ದ ಕಾರಣ ಮೀನು ತಾಳಿಕೊಂಡಿದೆ ಎನ್ನಿ. ವರ್ಗಾವಣೆಯಾಗಿ ಮನೆ ಬಯಲುಸೀಮೆಗೆ ಬಂತು, ಅರ್ಧ ತೊಟ್ಟಿ ನೀರು ತೆಗೆದು ಬೋರ್‌ವೆಲ್ ನೀರು ತುಂಬಿಸಿದರು. ನೀರು ಹೊಸದು, ನೋಡಲು ಸ್ವಚ್ಛ. ಆದರೆ ಪಿಎಚ್ ಏರಿದ ಕ್ಷಣವೇ ಹಳೆಯ ಅಮೋನಿಯಾ ವಿಷವಾಗುತ್ತದೆ, ಮೀನು ಅದೇ ರಾತ್ರಿ ಸಾಯುತ್ತದೆ. ಎಲ್ಲರೂ ಹೊಸ ಊರಿನ ನೀರನ್ನು ಬಯ್ಯುತ್ತಾರೆ.

ಇದಕ್ಕೆ ಎದುರಾದದ್ದೂ ಉಂಟು. ಮೆದು ನೀರಿನಲ್ಲಿ ಆಮ್ಲತೆಯನ್ನು ತಡೆದು ನಿಲ್ಲಿಸುವ ಕಾರ್ಬೊನೇಟ್ ಕಡಿಮೆ. ಫಿಲ್ಟರಿನ ಬ್ಯಾಕ್ಟೀರಿಯಾ ತಮ್ಮ ಕೆಲಸದಲ್ಲಿ ಆಮ್ಲವನ್ನೇ ಹುಟ್ಟಿಸುತ್ತಾ ಆ ಅಲ್ಪಸ್ವಲ್ಪವನ್ನೂ ಖರ್ಚು ಮಾಡಿಬಿಡುತ್ತವೆ. ಪಿಎಚ್ 6ರ ಕೆಳಗೆ ಜಾರಿದಾಗ ಅವೇ ಕೆಲಸ ನಿಲ್ಲಿಸುತ್ತವೆ. ಎಸ್ಟೇಟಿನ ಮನೆಗಳಲ್ಲಿ ‘ವರ್ಷದಿಂದ ಚೆನ್ನಾಗಿದ್ದ ತೊಟ್ಟಿ ಇದ್ದಕ್ಕಿದ್ದಂತೆ ಕೆಟ್ಟಿತು’ ಎನ್ನುವುದರ ಹಿಂದೆ ಇದು ಇರುತ್ತದೆ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುವುದು, ಫಿಲ್ಟರಿನಲ್ಲಿ ಒಂದು ಹಿಡಿ ಕಪ್ಪೆಚಿಪ್ಪಿನ ಚೂರು ಇಡುವುದು ಸಾಕು.

ಕಾಫಿ ಸೀಮೆಯ ಇನ್ನೊಂದು ವಿಷವನ್ನು ಹೊರಗಿನವರು ಬರೆದ ಕೈಪಿಡಿಗಳು ಹೇಳುವುದಿಲ್ಲ. ಮಳೆಗಾಲಕ್ಕೆ ಮುಂಚೆ ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಅದು ಮೈಲುತುತ್ತ ಮತ್ತು ಸುಣ್ಣ. ಮೈಲುತುತ್ತ ಎಂದರೆ ತಾಮ್ರ. ತಾಮ್ರ ಮೀನಿನ ಕಿವಿರಿಗೆ ಕೇಡು, ಬಸವನಹುಳುವಿಗೂ ಸೀಗಡಿಗೂ ಇನ್ನೂ ಹೆಚ್ಚು ಕೇಡು. ಅದೂ ಮೆದು ನೀರಿನಲ್ಲಿ ಅದರ ಕಾಟ ಗಡಸು ನೀರಿಗಿಂತ ಜಾಸ್ತಿ. ತೋಟದ ಕೆಳಗಿನ ತೆರೆದ ಬಾವಿಯಿಂದ ನೀರು ತರುವವರು, ಸಿಂಪಡಣೆಯ ದಿನ ಸರಿಯಾಗಿ ಕೈ ತೊಳೆಯದೆ ತೊಟ್ಟಿಗೆ ಕೈ ಹಾಕುವವರು ಇದನ್ನು ನೆನಪಿಡಬೇಕು. ಬಸವನಹುಳುಗಳು ಮೊದಲು ಸತ್ತು ಆಮೇಲೆ ಮೀನು ಒದ್ದಾಡತೊಡಗಿದರೆ ಸೋಂಕಿನ ಔಷಧಿ ಹುಡುಕಬೇಡಿ. ಬೇರೆ ಮೂಲದ ನೀರು ತಂದು ಹೆಚ್ಚಿನ ಭಾಗ ಬದಲಿಸಿ, ಲೋಹವನ್ನು ಕಟ್ಟಿಹಾಕುವ ವಾಟರ್ ಕಂಡೀಷನರ್ ಹಾಕಿ.

ಸೊಳ್ಳೆಬತ್ತಿ ಮತ್ತು ಸೊಳ್ಳೆಗೆಂದು ಪ್ಲಗ್ಗಿಗೆ ಸಿಕ್ಕಿಸುವ ದ್ರವವೂ ಇದೇ ಸಾಲಿನವು. ಅವುಗಳಲ್ಲಿರುವ ಪೈರೆಥ್ರಾಯ್ಡ್ ನಮಗೆ ಅಷ್ಟೇನೂ ಮಾಡದಿದ್ದರೂ ಮೀನಿಗೆ ಬಹಳ ಅಪಾಯಕಾರಿ. ಗಾಳಿ ಪಂಪು ಅದೇ ಕೋಣೆಯ ಗಾಳಿಯನ್ನು ಹೀರಿ ನೀರಿಗೆ ಊದುತ್ತಿರುತ್ತದೆ. ನಲ್ಲಿ ನೀರಿನ ಕ್ಲೋರಿನ್ ವಿಷಯ ಎಲ್ಲರಿಗೂ ಗೊತ್ತಿರುವುದೇ: ಒಂದು ದಿನ ಬಕೆಟ್ಟಿನಲ್ಲಿ ತೆರೆದಿಡಿ ಅಥವಾ ಥಯೋಸಲ್ಫೇಟ್ ಹರಳು ಹಾಕಿ.

ಉಳಿದದ್ದು ಗಾಳಿ. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸಾವಿರ ಮೀಟರಿಗಿಂತ ಎತ್ತರದಲ್ಲಿದೆ, ಹಾಸನ ಅದಕ್ಕೆ ಸ್ವಲ್ಪ ಕೆಳಗೆ. ಈ ಎತ್ತರದಲ್ಲಿ ನೀರು ಹಿಡಿದಿಡುವ ಆಮ್ಲಜನಕ ಮಂಗಳೂರಿಗಿಂತ ಶೇಕಡಾ ಹತ್ತರಷ್ಟು ಕಡಿಮೆ. ಮೀನು ಹದವಾಗಿದ್ದರೆ ಇದು ಲೆಕ್ಕಕ್ಕೆ ಬಾರದು. ತೊಟ್ಟಿ ಕಿಕ್ಕಿರಿದು, ಆಷಾಢದ ಗಾಳಿಮಳೆಗೆ ಕರೆಂಟು ಎರಡು ದಿನ ಹೋದಾಗ ಲೆಕ್ಕಕ್ಕೆ ಬರುತ್ತದೆ. ಕರೆಂಟು ಹೋದಾಗ ಮೇವು ಹಾಕುವುದನ್ನು ನಿಲ್ಲಿಸಿ. ದೊಡ್ಡ ಮೀನು ಒಂದು ವಾರ ಹಸಿದರೆ ಏನೂ ಆಗುವುದಿಲ್ಲ. ಬ್ಯಾಟರಿಯ ಗಾಳಿ ಪಂಪು ಇಲ್ಲದಿದ್ದರೆ ಚೊಂಬಿನಲ್ಲಿ ನೀರೆತ್ತಿ ಮೇಲಿನಿಂದ ಸುರಿಯುತ್ತಿರಿ. ಮುಚ್ಚಿದ ಡಬ್ಬಿಯಂಥ ಫಿಲ್ಟರ್ ಒಂದು ದಿನ ನಿಂತಿದ್ದರೆ ಕರೆಂಟು ಬಂದೊಡನೆ ಹಾಕಬೇಡಿ. ಒಳಗೆ ಕೊಳೆತ ನೀರೆಲ್ಲ ತೊಟ್ಟಿಗೆ ಬರುತ್ತದೆ. ಸ್ಪಂಜನ್ನು ತೊಟ್ಟಿಯದೇ ನೀರಿನಲ್ಲಿ ಅಲುಗಾಡಿಸಿ ತೊಳೆದು ಆಮೇಲೆ ಹಾಕಿ. ನಲ್ಲಿಯ ಕೆಳಗೆ ಹಿಡಿದು ತೊಳೆದರೆ ಉಳಿದಿದ್ದ ಬ್ಯಾಕ್ಟೀರಿಯಾವೂ ಕ್ಲೋರಿನ್ನಿಗೆ ಬಲಿ.

ತಾಮ್ರವೊಂದನ್ನು ಬಿಟ್ಟು ಮೇಲಿನ ಎಲ್ಲಕ್ಕೂ ಮೊದಲ ಚಿಕಿತ್ಸೆ ಒಂದೇ: ಹದವಾದ ಉಷ್ಣತೆಯ, ಕ್ಲೋರಿನ್ ಇಲ್ಲದ ನೀರಿನಿಂದ ಮೂರನೇ ಒಂದು ಭಾಗ ಬದಲಾವಣೆ, ಜೋರು ಗಾಳಿ, ಉಪವಾಸ. ಪಿಎಚ್ ಬಹಳ ಕೆಳಗಿದ್ದ ಹಳೆಯ ತೊಟ್ಟಿಯಾದರೆ ಮಾತ್ರ ಸ್ವಲ್ಪಸ್ವಲ್ಪವಾಗಿ, ದಿನಕ್ಕೆ ಹತ್ತನೇ ಒಂದರಂತೆ. ನೈಟ್ರೈಟ್ ಅನುಮಾನ ಇದ್ದರೆ ಲೀಟರಿಗೆ ಅರ್ಧದಿಂದ ಒಂದು ಗ್ರಾಂ ಕಲ್ಲುಪ್ಪು ಸೇರಿಸಿ. ಉಪ್ಪಿನ ಕ್ಲೋರೈಡ್ ಕಿವಿರಿನ ಬಾಗಿಲಲ್ಲಿ ನೈಟ್ರೈಟಿಗೆ ಅಡ್ಡ ನಿಲ್ಲುತ್ತದೆ.

ಬಿಳಿ ಚುಕ್ಕೆ

ಅಂಟುರೋಗಗಳಲ್ಲಿ ಹೆಚ್ಚು ಜನ ನೋಡಿರುವುದು ಇದನ್ನೇ. ಮೈಮೇಲೆ, ಬಾಲದ ಮೇಲೆ ಪುಡಿಯುಪ್ಪು ಉದುರಿಸಿದಂತೆ ಚುಕ್ಕೆಗಳು. ಮೀನು ಕಲ್ಲಿಗೆ ಮೈ ಉಜ್ಜುತ್ತದೆ, ರೆಕ್ಕೆ ಮಡಚಿಕೊಳ್ಳುತ್ತದೆ. ಕಾರಣ ಇಕ್ತಿಯೋಫ್ತಿರಿಯಸ್ ಎಂಬ ಏಕಕೋಶ ಜೀವಿ. ಮೀನು ಸಾಕುವವರು ಇಕ್ ಎಂದು ಕರೆಯುತ್ತಾರೆ. 1876ರಲ್ಲೇ ವಿಜ್ಞಾನ ಇದನ್ನು ವಿವರಿಸಿತ್ತು. ಇಷ್ಟು ಹಳೆಯ, ಇಷ್ಟು ಪರಿಚಿತ ರೋಗಕ್ಕೆ ಇವತ್ತಿಗೂ ಮೀನು ಸಾಯುವುದೇಕೆಂದರೆ ಚಿಕಿತ್ಸೆಯನ್ನು ಅರ್ಧದಲ್ಲಿ ಬಿಡುತ್ತೇವೆ. ಅರ್ಧದಲ್ಲಿ ಬಿಡುವುದಕ್ಕೆ ಕಾರಣ ಈ ಜೀವಿಯ ಬದುಕು ಹೇಗೆ ನಡೆಯುತ್ತದೆಂದು ಗೊತ್ತಿಲ್ಲದಿರುವುದು.

ನಮಗೆ ಕಾಣುವ ಚುಕ್ಕೆ ಮೀನಿನ ಚರ್ಮದ ಮೇಲೆ ಕೂತಿಲ್ಲ, ಚರ್ಮದೊಳಗೆ ಹುದುಗಿದೆ. ಅಲ್ಲಿ ಅದು ಮೀನಿನ ಕೋಶಗಳನ್ನು ತಿಂದು ಬಲಿಯುತ್ತದೆ. ಬಲಿತ ಮೇಲೆ ಚರ್ಮ ಒಡೆದು ಕೆಳಗೆ ಬಿದ್ದು, ಜಲ್ಲಿಗೋ ಗಾಜಿಗೋ ಅಂಟಿ, ತನ್ನ ಸುತ್ತ ಗೂಡಿನಂಥ ಕೋಶ ಕಟ್ಟಿಕೊಳ್ಳುತ್ತದೆ. ಆ ಕೋಶದೊಳಗೆ ಒಂದು ನೂರಾರು ಆಗುತ್ತದೆ, ಕೆಲವೊಮ್ಮೆ ಸಾವಿರ. ಕೋಶ ಒಡೆದು ಹೊರಬಂದ ಮರಿಗಳು ಈಜುತ್ತಾ ಎರಡು ದಿನದೊಳಗೆ ಮೀನೊಂದನ್ನು ಹಿಡಿಯಬೇಕು, ಇಲ್ಲದಿದ್ದರೆ ಸಾಯುತ್ತವೆ. ಔಷಧಿ ಕೊಲ್ಲುವುದು ಈ ಈಜುವ ಮರಿಗಳನ್ನು ಮಾತ್ರ. ಕಾಫಿ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಿಳಿ ಕಾಂಡಕೊರಕ ಅರೇಬಿಕಾ ಗಿಡದ ಕಾಂಡದೊಳಗೆ ಹೊಕ್ಕ ಮೇಲೆ ಯಾವ ಸಿಂಪಡಣೆಯೂ ಅದನ್ನು ಮುಟ್ಟುವುದಿಲ್ಲ, ದುಂಬಿ ಹೊರಗೆ ಹಾರಾಡುವ ಕಾಲ ನೋಡಿಯೇ ಹೊಡೆಯಬೇಕು. ಇಲ್ಲಿಯೂ ಅಷ್ಟೇ.

ಹಾಗಾಗಿ ಔಷಧಿ ಹಾಕಿದ ಮೂರನೇ ದಿನ ಚುಕ್ಕೆ ಮಾಯವಾದರೆ ಗೆದ್ದೆವು ಎಂದಲ್ಲ. ಚುಕ್ಕೆಗಳು ಬಲಿತು ಉದುರಿವೆ, ತಳದಲ್ಲಿ ಸಂತಾನ ಬೆಳೆಸುತ್ತಿವೆ. ಅಲ್ಲಿಗೆ ಔಷಧಿ ನಿಲ್ಲಿಸಿದವರ ತೊಟ್ಟಿಯಲ್ಲಿ ಮುಂದಿನ ವಾರ ಹತ್ತು ಪಟ್ಟು ಚುಕ್ಕೆ. ಈ ಸುತ್ತು 25 ಡಿಗ್ರಿಯ ಸುಮಾರಿನಲ್ಲಿ ನಾಲ್ಕರಿಂದ ಏಳು ದಿನ; ನೀರು ತಣ್ಣಗಾದಷ್ಟೂ ವಾರಗಳಿಗೆ ಲಂಬಿಸುತ್ತದೆ. ಚಿಕ್ಕಮಗಳೂರಿನಲ್ಲಿ ಧನುರ್ಮಾಸದ ರಾತ್ರಿ ಹೊರಗೆ 15 ಡಿಗ್ರಿಯ ಆಸುಪಾಸಿಗೆ ಇಳಿಯುವಾಗ ಹೀಟರ್ ಇಲ್ಲದ ತೊಟ್ಟಿಯಲ್ಲಿ ಎರಡು ತೊಂದರೆ ಒಟ್ಟಿಗೆ ಬರುತ್ತವೆ. ಚಳಿಗೆ ಮೀನಿನ ರೋಗನಿರೋಧಕ ಶಕ್ತಿ ಕುಗ್ಗುತ್ತದೆ, ಪರಾವಲಂಬಿಯ ಸುತ್ತು ಉದ್ದವಾಗಿ ಚಿಕಿತ್ಸೆಯೂ ಉದ್ದವಾಗುತ್ತದೆ.

ಮಾಡಬೇಕಾದ್ದು ಇಷ್ಟು. ಬಿಸಿ ನೀರಿನ ಮೀನುಗಳಾದರೆ ಹೀಟರಿನಿಂದ ದಿನಕ್ಕೆ ಒಂದೆರಡು ಡಿಗ್ರಿಯಂತೆ ಏರಿಸುತ್ತಾ 30ಕ್ಕೆ ತನ್ನಿ. ಆ ಉಷ್ಣತೆಯಲ್ಲಿ ಈ ಜೀವಿಯ ಸಂತಾನಕ್ರಿಯೆ ಕುಂಠಿತವಾಗುತ್ತದೆ. ಬಿಸಿ ನೀರು ಆಮ್ಲಜನಕ ಕಡಿಮೆ ಹಿಡಿಯುವುದರಿಂದ ಗಾಳಿ ಪಂಪನ್ನು ಜೋರು ಮಾಡಿ. ಲೀಟರಿಗೆ ಎರಡರಿಂದ ಮೂರು ಗ್ರಾಂ ಕಲ್ಲುಪ್ಪನ್ನು ಒಂದೇ ಸಲ ಸುರಿಯದೆ ಒಂದೂವರೆ ದಿನದಲ್ಲಿ ಮೂರು ಪಾಲಾಗಿ ಕರಗಿಸಿ ಹಾಕಿ. ಕೋರಿಡೋರಸ್‌ನಂಥ ಬೆಕ್ಕುಮೀನುಗಳಿಗೂ ನೀರುಗಿಡಗಳಿಗೂ ಅಷ್ಟು ಉಪ್ಪು ಒಗ್ಗುವುದಿಲ್ಲ. ಅವಿದ್ದರೆ ಉಪ್ಪು ಬಿಟ್ಟು ಅಂಗಡಿಯ ಬಿಳಿ ಚುಕ್ಕೆ ಔಷಧಿಯನ್ನು ಸೀಸೆಯ ಮೇಲಿನ ಅಳತೆ ಮೀರದಂತೆ ಬಳಸಿ. ಎರಡು ದಿನಕ್ಕೊಮ್ಮೆ ತಳದ ಜಲ್ಲಿಯ ಕಸವನ್ನು ಪೈಪಿನಿಂದ ಹೀರಿ ತೆಗೆಯಿರಿ, ಕೋಶಗಳೂ ಅದರೊಂದಿಗೆ ಹೋಗುತ್ತವೆ. ಕೊನೆಯ ಚುಕ್ಕೆ ಹೋದ ಮೇಲೂ ಒಂದು ವಾರ ಮುಂದುವರಿಸಿ. ಚುಕ್ಕೆ ಇರುವ ಒಂದು ಮೀನನ್ನು ಹಿಡಿದು ಬಕೆಟ್ಟಿಗೆ ಹಾಕಿ ಚಿಕಿತ್ಸೆ ಕೊಡುವುದು ವ್ಯರ್ಥ ಶ್ರಮ. ರೋಗ ಆ ಹೊತ್ತಿಗೆ ಇಡೀ ತೊಟ್ಟಿಯದಾಗಿದೆ.

ಬಿಳಿಯೆಲ್ಲ ಇಕ್ ಅಲ್ಲ

ಗಂಡು ಗೋಲ್ಡ್‌ಫಿಶ್ ಸಂತಾನದ ಕಾಲಕ್ಕೆ ಬಂದಾಗ ಅದರ ಕಿವಿರ ಮುಚ್ಚಳದ ಮೇಲೆ, ಎದೆರೆಕ್ಕೆಯ ಮುಂದಿನ ಅಂಚಿನಲ್ಲಿ ಸಾಲಾಗಿ ಬಿಳಿ ಮೊಡವೆಗಳು ಮೂಡುತ್ತವೆ. ಅದು ಯೌವನ, ರೋಗವಲ್ಲ. ಆದರೂ ಎಷ್ಟೋ ಗಂಡುಗಳು ಈ ತಪ್ಪಿಗೆ ಔಷಧಿ ಕುಡಿದಿವೆ. ಚುಕ್ಕೆ ಮೈಯೆಲ್ಲ ಹರಡದೆ ಆ ಎರಡೇ ಜಾಗದಲ್ಲಿದ್ದು ಮೀನು ಲವಲವಿಕೆಯಿಂದಿದ್ದರೆ ಸುಮ್ಮನಿರಿ.

ಚುಕ್ಕೆಯ ಬದಲು ಚಿನ್ನದ ಪುಡಿ ಸವರಿದಂಥ ಮಂಕು ಹೊಳಪು ಕಂಡರೆ ಅದು ವೆಲ್ವೆಟ್ ರೋಗ. ಕತ್ತಲೆಯಲ್ಲಿ ಟಾರ್ಚನ್ನು ಓರೆಯಾಗಿ ಹಿಡಿದರೆ ಚೆನ್ನಾಗಿ ಕಾಣುತ್ತದೆ. ಇದು ಇಕ್‌ಗಿಂತ ಬೇಗ ಕೊಲ್ಲುತ್ತದೆ, ಮೊದಲು ಕಿವಿರನ್ನು ಹಿಡಿಯುವುದರಿಂದ ಮೈಮೇಲೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಈ ಪರಾವಲಂಬಿ ಬೆಳಕಿನಿಂದಲೂ ಆಹಾರ ತಯಾರಿಸಿಕೊಳ್ಳಬಲ್ಲದು. ತೊಟ್ಟಿಗೆ ಬಟ್ಟೆ ಹೊದಿಸಿ ಕತ್ತಲು ಮಾಡುವುದು ಚಿಕಿತ್ಸೆಯ ಭಾಗ. ಇದರ ಮುಖ್ಯ ಔಷಧಿ ತಾಮ್ರ. ಹೌದು, ಬೋರ್ಡೋದಲ್ಲಿರುವ ಅದೇ ತಾಮ್ರ. ರೋಗ ಕೊಲ್ಲುವ ಅಳತೆಗೂ ಮೀನು ಕೊಲ್ಲುವ ಅಳತೆಗೂ ಅಂತರ ಕಡಿಮೆ, ಮಲೆನಾಡಿನ ಮೆದು ನೀರಿನಲ್ಲಿ ಇನ್ನೂ ಕಡಿಮೆ. ತಾಮ್ರ ಅಳೆಯುವ ಕಿಟ್ ಇಲ್ಲದೆ ಹಾಕಬಾರದು. ತೋಟದ ಗೋದಾಮಿನ ಮೈಲುತುತ್ತದ ಹರಳನ್ನು ಅಂದಾಜಿಗೆ ಹಾಕುವ ಯೋಚನೆಯಂತೂ ಬೇಡವೇ ಬೇಡ.

ಬಾಯಿಯ ಸುತ್ತ ಬಿಳಿ ಹತ್ತಿಯಂತೆ ಕಂಡಾಗ ಎಲ್ಲರೂ ಬೂಸ್ಟು ಎನ್ನುತ್ತಾರೆ. ಇಲ್ಲಿ ಎಡವಿದರೆ ಮೀನು ಹೋಗುತ್ತದೆ. ನಿಜವಾದ ಬೂಸ್ಟು ಎಳೆಎಳೆಯಾಗಿ ನೀರಿನಲ್ಲಿ ತೂಗಾಡುತ್ತದೆ, ಗಾಯದ ಮೇಲೆ ಅಥವಾ ಸತ್ತ ಮೊಟ್ಟೆಯ ಮೇಲೆ ಕೂರುತ್ತದೆ, ನಿಧಾನವಾಗಿ ಬೆಳೆಯುತ್ತದೆ. ಕಾಲಮ್‌ನಾರಿಸ್ ಎಂಬುದು ಬ್ಯಾಕ್ಟೀರಿಯಾದ ರೋಗ. ಅದರ ಬಿಳುಪು ಬೂದುಮಿಶ್ರಿತ, ಚಪ್ಪಟೆ. ತುಟಿಯ ಅಂಚಿನಲ್ಲಿ, ಬೆನ್ನುರೆಕ್ಕೆಯ ಬುಡದಲ್ಲಿ ತಡಿ ಹಾಕಿದಂಥ ಪಟ್ಟಿಯಾಗಿ ಹರಡುತ್ತದೆ, ಕೆಲವೊಮ್ಮೆ ಒಂದೆರಡು ದಿನದಲ್ಲೇ ಕೊಲ್ಲುತ್ತದೆ. ಮತ್ತೆ ಅದೇ ಪ್ರಶ್ನೆ: ಎಷ್ಟು ಹೊತ್ತಿನಲ್ಲಿ? ವಾರದಿಂದ ಇರುವ ಹತ್ತಿ ಬೂಸ್ಟು ಇದ್ದೀತು. ನಿನ್ನೆ ಇಲ್ಲದೆ ಇವತ್ತು ಮೂರು ಮೀನಿನ ಬಾಯಲ್ಲಿ ಕಂಡದ್ದು ಬೂಸ್ಟಲ್ಲ. ಕಾಲಮ್‌ನಾರಿಸ್ ಬೆಚ್ಚಗಿನ ನೀರಿನಲ್ಲಿ ಕೆರಳುತ್ತದೆ. ಇಕ್‌ಗೆ ಮದ್ದಾದ 30 ಡಿಗ್ರಿ ಇದಕ್ಕೆ ಹಬ್ಬ. ಆದ್ದರಿಂದ ಬಿಳಿ ಕಂಡೊಡನೆ ಹೀಟರ್ ಏರಿಸುವ ಅಭ್ಯಾಸ ಬಿಡಿ. ಇಲ್ಲಿ ಉಷ್ಣತೆಯನ್ನು ಆ ಮೀನು ತಾಳುವ ಕೆಳಮಟ್ಟಕ್ಕೆ, 24ರ ಹತ್ತಿರಕ್ಕೆ ಇಳಿಸಿ, ನೀರು ಬದಲಿಸಿ, ಬ್ಯಾಕ್ಟೀರಿಯಾದ ಔಷಧಿಯನ್ನು ಬೇರೆ ತೊಟ್ಟಿಯಲ್ಲಿ ಕೊಡಬೇಕು.

ಬಾಲ, ರೆಕ್ಕೆಗಳ ಅಂಚು ಕೊಳೆಯುವುದೂ ಬ್ಯಾಕ್ಟೀರಿಯಾದಿಂದಲೇ. ಆದರೆ ಆ ಬ್ಯಾಕ್ಟೀರಿಯಾಗಳು ಪ್ರತಿ ತೊಟ್ಟಿಯಲ್ಲೂ ಇರುವಂಥವು, ಮೀನು ಸೋತಾಗ ಮೇಲೆ ಬೀಳುತ್ತವೆ. ನೀರು ಸರಿಮಾಡಿ ಎರಡು ವಾರ ಕಾದರೆ ಬಹುಪಾಲು ರೆಕ್ಕೆಗಳು ತಾವೇ ಚಿಗುರುತ್ತವೆ. ಕಣ್ಣಿಗೆ ಕಾಣುವ ಪರಾವಲಂಬಿಗಳ ವಿಷಯದಲ್ಲಿ ಗೊಂದಲವೇ ಇಲ್ಲ. ಹುರುಪೆಯ ಸಂದಿಯಿಂದ ದಾರದ ತುಂಡಿನಂತೆ ಜೋತಿರುವುದು ಲಂಗರು ಹುಳು, ಮೈಮೇಲೆ ಹರಿದಾಡುವ ಹಸಿರು ಬಿಲ್ಲೆ ಮೀನಿನ ಹೇನು. ಒದ್ದೆ ಬಟ್ಟೆಯಲ್ಲಿ ಮೀನು ಹಿಡಿದು ಚಿಮಟದಿಂದ ಬುಡಸಮೇತ ತೆಗೆಯಬಹುದು. ಆದರೆ ನೀರಿನಲ್ಲಿ ಉಳಿದ ಮರಿಗಳಿಗೆ ಔಷಧಿ ಬೇಕೇ ಬೇಕು.

ಒಂದೇ ಮೀನು ಕೆಟ್ಟಾಗ

ಹೊಟ್ಟೆ ಉಬ್ಬಿದ ಮೀನನ್ನು ಮೇಲಿನಿಂದ ನೋಡಿ. ಹುರುಪೆಗಳೆಲ್ಲ ಮೈಯಿಂದ ಎದ್ದು ನಿಂತಿದ್ದರೆ ಅದು ಡ್ರಾಪ್ಸಿ. ಮೂತ್ರಪಿಂಡ ಸೋತು ಒಳಗೆ ನೀರು ತುಂಬಿದೆ. ಇದು ರೋಗದ ಹೆಸರಲ್ಲ, ಬೇರೆ ಯಾವುದೋ ರೋಗದ ಕೊನೆಯ ಹಂತ. ಆ ಮೀನನ್ನು ಬೇರೆ ಮಾಡಿ, ಬದುಕುವ ಭರವಸೆ ಕಡಿಮೆ ಎಂದು ತಿಳಿದಿರಿ. ಹುರುಪೆ ಸಮವಾಗಿದ್ದು ಹೊಟ್ಟೆ ಮಾತ್ರ ದೊಡ್ಡದಾಗಿದ್ದರೆ ಮರಿ ಹಾಕುವ ಗಪ್ಪಿಯೋ, ಮೊಟ್ಟೆ ತುಂಬಿದ ಹೆಣ್ಣೋ, ತಿಂದು ಮಲಬದ್ಧತೆಯಾದ ಗೋಲ್ಡ್‌ಫಿಶ್ಶೋ ಇರಬಹುದು.

ಗುಂಡು ಮೈಯ ಗೋಲ್ಡ್‌ಫಿಶ್ ತಲೆಕೆಳಗಾಗಿ ತೇಲುವುದು ಬಹಳ ಮನೆಗಳ ಗೋಳು. ಆ ಮೈಕಟ್ಟನ್ನು ಮನುಷ್ಯರು ಬೆಳೆಸಿದ್ದು. ಕರುಳು ಮತ್ತು ಗಾಳಿಚೀಲ ಒಂದಕ್ಕೊಂದು ಒತ್ತಿಕೊಂಡಿವೆ. ಒಣ ಕಾಳಿನ ಮೇವು ಹೊಟ್ಟೆಯಲ್ಲಿ ಉಬ್ಬಿ ಗಾಳಿಚೀಲವನ್ನು ಅದುಮುತ್ತದೆ. ಎರಡು ಮೂರು ದಿನ ಉಪವಾಸ ಹಾಕಿ, ಆಮೇಲೆ ಬೇಯಿಸಿ ಸಿಪ್ಪೆ ಸುಲಿದ ಬಟಾಣಿಯ ಚೂರು ಕೊಡಿ. ಮುಂದೆ ಒಣ ಮೇವನ್ನು ನೆನೆಸಿ ಹಾಕಿ. ಗೋಲ್ಡ್‌ಫಿಶ್ ಮೈಯಲ್ಲಿ ಕಪ್ಪು ಮಚ್ಚೆ ಮೂಡಿದರೆ ಗಾಬರಿ ಬೇಡ, ಹಿಂದೆ ಅಮೋನಿಯಾ ಸುಟ್ಟ ಜಾಗ ಮಾಯುವಾಗ ಹಾಗಾಗುತ್ತದೆ.

ಔಷಧಿ ಪೆಟ್ಟಿಗೆಯ ಬಗ್ಗೆ

ಔಷಧಿಯ ಅಳತೆ ಲೀಟರಿನಲ್ಲಿರುತ್ತದೆ, ತೊಟ್ಟಿಯನ್ನು ನಾವು ಅಡಿಯಲ್ಲಿ ಕೊಳ್ಳುತ್ತೇವೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ಲೆಕ್ಕದಲ್ಲಿ 56 ಲೀಟರ್. ಮೇಲೆ ಬಿಟ್ಟ ಜಾಗ, ಜಲ್ಲಿ, ಕಲ್ಲುಗಳನ್ನು ಕಳೆದರೆ ನಿಜವಾದ ನೀರು 40ರಿಂದ 45. 56ಕ್ಕೆ ಲೆಕ್ಕ ಹಾಕಿ ಬಿಳಿ ಚುಕ್ಕೆಯ ಔಷಧಿಯಾದ ಮಲಾಕೈಟ್ ಗ್ರೀನ್ ಸುರಿದರೆ ಮೀನಿಗೆ ಕಾಲು ಭಾಗಕ್ಕಿಂತ ಹೆಚ್ಚು ಮಿತಿಮೀರಿತು. ಔಷಧಿ ಹಾಕುವಾಗ ಫಿಲ್ಟರಿನ ಇದ್ದಿಲನ್ನು ತೆಗೆದಿಡಬೇಕು, ಇಲ್ಲದಿದ್ದರೆ ಅದೇ ಔಷಧಿಯನ್ನೆಲ್ಲ ಹೀರಿಬಿಡುತ್ತದೆ. ಉಪ್ಪು ಆವಿಯಾಗಿ ಹೋಗುವುದಿಲ್ಲ. ಆರಿದ ನೀರಿಗೆ ಬದಲಾಗಿ ಬರಿ ನೀರು ಸೇರಿಸಿ, ತೆಗೆದು ಹೊಸದಾಗಿ ತುಂಬಿಸಿದಷ್ಟಕ್ಕೆ ಮಾತ್ರ ಉಪ್ಪು ಲೆಕ್ಕ ಹಾಕಿ.

ನೀಲಿ ಸೀಸೆಯ ಮೆಥಿಲೀನ್ ಬ್ಲೂ ಕೆಟ್ಟ ಔಷಧಿಯಲ್ಲ. ಮೊಟ್ಟೆಗೆ ಬೂಸ್ಟು ಹಿಡಿಯದಂತೆ ತಡೆಯಲು, ನೈಟ್ರೈಟ್ ವಿಷಕ್ಕೆ ಅದು ಒಳ್ಳೆಯದೇ. ಆದರೆ ಮುಖ್ಯ ತೊಟ್ಟಿಗೆ ಹಾಕಿದರೆ ಫಿಲ್ಟರಿನ ಬ್ಯಾಕ್ಟೀರಿಯಾ ಸಾಯುತ್ತದೆ. ಆಗ ಅಮೋನಿಯಾ ಏರಿ, ಮೊದಲು ಇಲ್ಲದ ಕಾಯಿಲೆಯೊಂದು ಹುಟ್ಟುತ್ತದೆ. ಅದನ್ನು ಬಕೆಟ್ಟಿನಲ್ಲಷ್ಟೇ ಬಳಸಿ.

ಮನೆಯಲ್ಲಿ ಉಳಿದ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ಒಡೆದು ತೊಟ್ಟಿಗೆ ಉದುರಿಸುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಈ ಔಷಧಿ ಕ್ಯಾಲ್ಸಿಯಂ, ಮೆಗ್ನೀಸಿಯಂಗೆ ಅಂಟಿಕೊಳ್ಳುತ್ತದೆ. ಅರಸೀಕೆರೆಯ ಬೋರ್‌ವೆಲ್ ನೀರಿನಲ್ಲಿ ಅದರ ಬಹುಭಾಗ ಮೀನಿಗೆ ತಲುಪುವುದೇ ಇಲ್ಲ. ನೀರು ಹಳದಿಯಾಗಿ ನಮಗೆ ಚಿಕಿತ್ಸೆ ಕೊಟ್ಟ ಸಮಾಧಾನ ಮಾತ್ರ ಸಿಗುತ್ತದೆ. ಅರೆಬರೆ ಅಳತೆಯಲ್ಲಿ ಬದುಕುಳಿದ ಬ್ಯಾಕ್ಟೀರಿಯಾ ಆ ಔಷಧಿಗೆ ಬಗ್ಗದಂತಾಗುತ್ತದೆ. ಆ್ಯಂಟಿಬಯಾಟಿಕ್ ಬೇಕೇ ಎಂದು ಪಶುವೈದ್ಯರನ್ನು ಕೇಳಿಯೇ ಹಾಕಬೇಕು. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಮಂಗಳೂರಿನ ಮೀನುಗಾರಿಕೆ ಕಾಲೇಜು 1969ರಿಂದ ಇದೆ. ಮೈಯ ಲೋಳೆಯನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇಕ್, ವೆಲ್ವೆಟ್, ಕಿವಿರ ಹುಳು ಯಾವುದೆಂದು ಕೆಲವೇ ನಿಮಿಷಗಳಲ್ಲಿ ಗೊತ್ತಾಗುತ್ತದೆ. ತೋರಿಸುವಾಗ ಸತ್ತ ಮೀನಿಗಿಂತ ಬದುಕಿರುವ ರೋಗಿ ಮೀನು, ಜೊತೆಗೆ ಬೇರೆ ಬಾಟಲಿಯಲ್ಲಿ ತೊಟ್ಟಿಯ ನೀರು ಒಯ್ಯಿರಿ. ಸತ್ತ ಕೆಲವೇ ಗಂಟೆಗಳಲ್ಲಿ ಪರಾವಲಂಬಿಗಳು ಮೈ ಬಿಟ್ಟು ಹೋಗುತ್ತವೆ.

ನಮ್ಮ ಅಂಗಡಿಗಳಿಗೆ ಬರುವ ಅಲಂಕಾರಿಕ ಮೀನುಗಳಲ್ಲಿ ಬಹಳಷ್ಟು ಚೆನ್ನೈನ ಕೊಳತ್ತೂರಿನಂಥ ಕಡೆಗಳಿಂದ ಹೊರಟು, ಬೆಂಗಳೂರು ದಾಟಿ, ಪ್ಲಾಸ್ಟಿಕ್ ಚೀಲದಲ್ಲಿ ಘಾಟಿಯ ತಂಪಿಗೆ ಬಂದು ಇಳಿದಂಥವು. ದಾರಿಯ ದಣಿವು, ಹೊಸ ನೀರು, ಉಷ್ಣತೆಯ ಏರುಪೇರು ಎಲ್ಲ ಸೇರಿ ಅಡಗಿದ್ದ ರೋಗ ಮೇಲೆ ಬರಲು ಒಂದೆರಡು ವಾರ ಹಿಡಿಯುತ್ತದೆ. ಇಪ್ಪತ್ತು ಮೂವತ್ತು ಲೀಟರಿನ ಪ್ಲಾಸ್ಟಿಕ್ ಟಬ್, ಹಳೆಯ ತೊಟ್ಟಿಯಲ್ಲಿ ಪಳಗಿದ ಸ್ಪಂಜ್ ಫಿಲ್ಟರ್, ಪ್ರತ್ಯೇಕ ಬಲೆ. ಹೊಸ ಮೀನನ್ನು ನಾಲ್ಕು ವಾರ ಅದರಲ್ಲಿಡಿ. ಈ ಟಬ್ಬಿನ ಬೆಲೆ ಒಂದು ಜೋಡಿ ಏಂಜೆಲ್‌ಗಿಂತ ಹೆಚ್ಚೇನಲ್ಲ. ಆದರೂ ಹತ್ತು ಸಾವಿರದ ತೊಟ್ಟಿ ಇಟ್ಟವರೂ ಇದನ್ನು ಇಡುವುದಿಲ್ಲ ಎಂಬುದು ನನಗೆ ಇಂದಿಗೂ ಬಗೆಹರಿಯದ ಸಂಗತಿ.

ಉಳಿಯದ ಮೀನನ್ನು ಕೆರೆಗೆ, ಹೊಳೆಗೆ ಬಿಡಬೇಡಿ, ಅದು ಪುಣ್ಯದ ಕೆಲಸವಲ್ಲ. ಶೃಂಗೇರಿಯ ಮಡುವಿನಲ್ಲಿ ಭಕ್ತರು ಮಂಡಕ್ಕಿ ಹಾಕಿ ಸಾಕಿದ ಮೀನುಗಳಿರುವುದು ಅದೇ ತುಂಗೆಯಲ್ಲಿ. ತೊಟ್ಟಿಯ ರೋಗವನ್ನು ಅಲ್ಲಿಗೆ ದಾಟಿಸುವ ಹಕ್ಕು ನಮಗಿಲ್ಲ. ನರಳುವ ಮೀನಿಗೆ ಲವಂಗದ ಎಣ್ಣೆ ನೋವಿಲ್ಲದ ದಾರಿ. ಲೀಟರ್ ನೀರಿಗೆ ಅರ್ಧ ಮಿಲಿಲೀಟರಿನಷ್ಟು ಎಣ್ಣೆಯನ್ನು ಮೊದಲು ಸ್ವಲ್ಪ ಬೆಚ್ಚನೆಯ ನೀರಿನೊಂದಿಗೆ ಬಾಟಲಿಯಲ್ಲಿ ಕುಲುಕಿ ಬೆರೆಸಿ, ಕಿವಿರಾಟ ನಿಂತ ಮೇಲೂ ಅರ್ಧ ಗಂಟೆ ಬಿಟ್ಟು, ಗಿಡದ ಬುಡದಲ್ಲಿ ಹೂಳಿ.

ಕೊನೆಯದಾಗಿ ನಿಮ್ಮ ಕೈ. ಮೀನಿನ ಕ್ಷಯ ತರುವ ಮೈಕೋಬ್ಯಾಕ್ಟೀರಿಯಂ ಮರೈನಮ್ ಎಂಬ ಬ್ಯಾಕ್ಟೀರಿಯಾ ಮನುಷ್ಯರ ಚರ್ಮಕ್ಕೂ ತಗಲುತ್ತದೆ. ಬೆನ್ನು ಬಾಗಿ, ಮೈ ಬತ್ತಿ ಮೀನುಗಳು ತಿಂಗಳುಗಟ್ಟಲೆ ಒಂದೊಂದಾಗಿ ಸಾಯುತ್ತಿರುವ ತೊಟ್ಟಿಯಲ್ಲಿ ಇದರ ಅನುಮಾನ ಇಟ್ಟುಕೊಳ್ಳಬೇಕು. ಕೈಯಲ್ಲಿ ಗಾಯವಿದ್ದಾಗ ಕೈಗವಸು ಹಾಕಿಕೊಳ್ಳಿ, ಪೈಪಿನಿಂದ ನೀರೆಳೆಯಲು ಬಾಯಿ ಹಚ್ಚಬೇಡಿ. ಬೆರಳಿನಲ್ಲೋ ಮುಂಗೈಯಲ್ಲೋ ವಾರಗಳಾದರೂ ಮಾಯದ ಗಂಟು ಎದ್ದರೆ ಚರ್ಮದ ವೈದ್ಯರಿಗೆ ಮನೆಯಲ್ಲಿ ಮೀನಿನ ತೊಟ್ಟಿ ಇದೆ ಎಂದು ನೀವೇ ಬಾಯಿಬಿಟ್ಟು ಹೇಳಿ. ಇದು ಮಾಮೂಲಿ ಮಾತ್ರೆಗಳಿಗೆ ಬೇಗ ಬಗ್ಗುವುದಿಲ್ಲ. ಸರಿಯಾದ ಔಷಧಿಯನ್ನು ಎಷ್ಟೋ ಸಲ ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕಾಗುತ್ತದೆ. ತೊಟ್ಟಿಯ ವಿಷಯ ತಿಳಿಯದೆ ವೈದ್ಯರಿಗೆ ಈ ರೋಗ ಹೊಳೆಯುವುದು ಕಷ್ಟ.